ಬಲಗಡೆಯ ಲೇನು ಯಾರದೂ ಅಲ್ಲ

ಮಗೂ, ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಕಿಲೋಮೀಟರ್ ಮಿತಿ ಹಾಕಿರುವುದು ಶುದ್ಧ ಅನ್ಯಾಯ ಅನ್ನುತ್ತೀಯ. ಆರು ಲೇನಿನ ರಸ್ತೆ, ನಡುವೆ ಡಿವೈಡರು, ಇಕ್ಕೆಲಕ್ಕೂ ಬೇಲಿ, ಕಾರಿನೊಳಗೆ ಆರು ಏರ್‌ಬ್ಯಾಗು. 140ರಲ್ಲೂ ಸ್ಟೀರಿಂಗ್ ಅಲುಗುವುದಿಲ್ಲ. ಇಷ್ಟಿದ್ದೂ ಮುಳ್ಳು 100 ದಾಟಿತೋ, ಮೊಬೈಲಿಗೆ ದಂಡದ ಮೆಸೇಜು. 120ಕ್ಕೋ 140ಕ್ಕೋ ಏರಿಸಿಬಿಟ್ಟರೆ ಸರ್ಕಾರದ ಗಂಟೇನು ಹೋಗುತ್ತದೆ ಎಂಬುದು ನಿನ್ನ ಪ್ರಶ್ನೆ. ನಾನು ಅದೇ ದಾರಿಯಲ್ಲಿ ಬಸ್ಸು ಓಡಿಸಿ, ಕೊನೆಯ ವರ್ಷಗಳಲ್ಲಿ ಹೊಸ ಡ್ರೈವರುಗಳಿಗೆ ಪಾಠ ಹೇಳಿ ಮನೆಗೆ ಬಂದವನು. ಮುದುಕನ ಪುಕ್ಕಲುತನದಿಂದ ನಿನ್ನ ಮಾತನ್ನು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ಸರಿಯಿದೆ. ನನ್ನ ತಕರಾರು ಉಳಿದರ್ಧದ್ದು.

ಸರಿಯಿರುವ ಅರ್ಧ ಮೊದಲು ಹೇಳಿಬಿಡುತ್ತೇನೆ. ರಸ್ತೆಗೆ ಒಗ್ಗದ ಮಿತಿಯನ್ನು ಜನ ಪಾಲಿಸುವುದಿಲ್ಲ. ಖಾಲಿ ರಸ್ತೆಯಲ್ಲಿ ನೂರು ಗಾಡಿ ತಮ್ಮಿಷ್ಟದಂತೆ ಹೋಗುವಾಗ 85 ಗಾಡಿಗಳು ಯಾವ ವೇಗ ದಾಟುವುದಿಲ್ಲವೋ ಅದರ ಆಸುಪಾಸಿನಲ್ಲಿ ಮಿತಿ ಇಡಬೇಕೆಂಬ ಲೆಕ್ಕವನ್ನು ರಸ್ತೆ ಎಂಜಿನಿಯರುಗಳೇ ಬಹಳ ಕಾಲದಿಂದ ಬಳಸುತ್ತಾರೆ. ಅಗಲವಾದ ನೇರ ರಸ್ತೆಯಲ್ಲಿ ಯಾವುದೋ ಕಾಮಗಾರಿಗೆಂದು ನೆಟ್ಟ 40ರ ಫಲಕವನ್ನು ಕೆಲಸ ಮುಗಿದ ಮೇಲೂ ಕೀಳದೆ ಬಿಟ್ಟರೆ, ಅದು ಪಕ್ಕದೂರಿನ ಶಾಲೆಯ ಮುಂದಿರುವ ಫಲಕದ ಮರ್ಯಾದೆಯನ್ನೂ ಕಳೆಯುತ್ತದೆ. ದೆಹಲಿಯವರೂ ಇದೇ ಧಾಟಿಯಲ್ಲಿ ಯೋಚಿಸಿದ್ದರು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ 100 ಎಂದು ಗೊತ್ತುಮಾಡಿತು. ಅದು ಮೇಲ್ಮಿತಿ. ಸ್ಥಳ ನೋಡಿ ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಲ್ಲೇ ರಾಜ್ಯಗಳಿಗಿದೆ.

2021ರಲ್ಲಿ ಮದ್ರಾಸ್ ಹೈಕೋರ್ಟ್ ಅಪಘಾತ ಪರಿಹಾರದ ಪ್ರಕರಣವೊಂದನ್ನು ವಿಚಾರಣೆ ಮಾಡುತ್ತ ಈ ಅಧಿಸೂಚನೆಯನ್ನೇ ರದ್ದುಮಾಡಿತು. ರಸ್ತೆ ಸುಧಾರಿಸಿದೆ, ಎಂಜಿನ್ ಸುಧಾರಿಸಿದೆ ಎಂಬ ಸಮರ್ಥನೆ ನ್ಯಾಯಮೂರ್ತಿಗಳಿಗೆ ಒಪ್ಪಿಗೆಯಾಗಲಿಲ್ಲ. ಅತಿವೇಗವೇ ಅಪಘಾತಗಳ ದೊಡ್ಡ ಕಾರಣವೆಂದು ಗೊತ್ತಿದ್ದೂ ಮಿತಿ ಏರಿಸಿದ್ದೇಕೆ ಎಂದರು. ತೀರ್ಪು ತುಸು ಬಿರುಸಾಯಿತು ಅನ್ನಿಸಿತ್ತು ನನಗೆ. ಪ್ರಶ್ನೆ ಮಾತ್ರ ಸರಿಯಾದ ಜಾಗಕ್ಕೇ ತಗುಲಿತ್ತು. ರಸ್ತೆ ಸುಧಾರಿಸಿತು, ಎಂಜಿನ್ ಸುಧಾರಿಸಿತು. ಎರಡರ ನಡುವೆ ಕೂತು ಚಕ್ರ ಹಿಡಿದವರ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಅದೇ ಸಚಿವಾಲಯದ ವರದಿ ಹೇಳುತ್ತದೆ. ನೂರಕ್ಕೆ ಎಪ್ಪತ್ತೊಂದು ಸಾವು ಅತಿವೇಗದ ಕಾಲಮ್ಮಿಗೆ ಹೋಗಿವೆ. ಪೊಲೀಸರ ಫಾರಂನಲ್ಲಿ ಆ ಒಂದು ಕಾಲಮ್ಮಿಗೆ ಬೇರೆ ಹತ್ತು ಪಾಪಗಳೂ ಸೇರಿಕೊಳ್ಳುತ್ತವೆ, ಅದು ನನಗೂ ಗೊತ್ತು. ಆ ಹತ್ತು ಪಾಪಗಳ ವಿಚಾರವನ್ನೇ ನಾನು ಮಾತಾಡಬೇಕೆಂದಿರುವುದು.

ವೇಗಮಿತಿಯನ್ನು ನೀನು ನಿನ್ನ ಕಾರಿಗೆ ಕೊಟ್ಟ ಅಂಕ ಎಂದುಕೊಂಡಿದ್ದೀಯ. ಕಡಿಮೆ ಅಂಕ ಕೊಟ್ಟರು ಎಂಬ ಸಿಟ್ಟು. ಆ ಸಂಖ್ಯೆಯಲ್ಲಿ ನಿನ್ನ ಕಾರಿನ ಪಾಲು ಬಹಳ ಸಣ್ಣದು. ಪಂಕ್ತಿಯಲ್ಲಿ ಊಟಕ್ಕೆ ಕೂತವನು ತನ್ನ ಎಲೆ ಖಾಲಿಯಾಯಿತೆಂದು ಎದ್ದುಹೋಗುವಂತಿಲ್ಲವಲ್ಲ, ರಸ್ತೆಯ ವೇಗವೂ ಹಾಗೆ. ಕೊನೆಯ ಎಲೆಯ ಅಜ್ಜಿ ಮಜ್ಜಿಗೆ ಅನ್ನ ಮುಗಿಸಬೇಕು. ಹೆದ್ದಾರಿಯ ಕೊನೆಯ ಎಲೆಯಲ್ಲಿ ಯಾರಿದ್ದಾರೆ ನೋಡು. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಈ ರಸ್ತೆಯನ್ನು ಉದ್ಘಾಟಿಸಿದಾಗ ಅದರ ಮೇಲೆ ಕಬ್ಬಿನ ಟ್ರಾಕ್ಟರು, ಆಟೋ, ಮೂವರು ಕೂತ ಬೈಕು, ಎಲ್ಲವೂ ಓಡುತ್ತಿದ್ದವು. ಅವುಗಳ ಮಧ್ಯೆ ಕಾರುಗಳು 130ರಲ್ಲಿ ನುಗ್ಗುತ್ತಿದ್ದವು. ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಆ ಬೇಸಿಗೆಯಲ್ಲಿ ಆದ ಅಪಘಾತಗಳನ್ನು ಪೇಪರಿನಲ್ಲಿ ಓದಿ ಓದಿ ಬೇಸರ ಬಂದಿತ್ತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು, ರೇಡಾರ್ ಗನ್ ಹಿಡಿದು ಪೊಲೀಸರು ನಿಂತರು, ಆಮೇಲೆ ಕ್ಯಾಮೆರಾ ಬಂದವು. ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಬೈಕಿನವರಿಗೆ ಇದು ಅನ್ಯಾಯ ಎಂದು ಕೂಗೆದ್ದಿತ್ತು. ಅವರ ಹಣದಲ್ಲೂ ಕಟ್ಟಿದ ರಸ್ತೆ ತಾನೇ, ಕೂಗಿನಲ್ಲಿ ಹುರುಳಿತ್ತು. ಆದರೂ ಅವರನ್ನು ಉಳಿಸಿದ್ದು ಅದೇ ಅನ್ಯಾಯ.

ಈಗ ಉಳಿದಿರುವುದು ಕಾರು, ಬಸ್ಸು, ಲಾರಿ. 2018ರ ಅಧಿಸೂಚನೆಯಲ್ಲಿ ಕಾರಿಗೆ 120 ಕೊಟ್ಟಾಗಲೂ ಸರಕು ಲಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲೂ 80ಕ್ಕಿಂತ ಹೆಚ್ಚು ಕೊಟ್ಟಿರಲಿಲ್ಲ. ಸ್ಪೀಡ್ ಗವರ್ನರ್ ಕೂಡ 80ಕ್ಕೇ ಬಿಗಿದಿರುತ್ತದೆ. ನಿನ್ನ ಮಿತಿ ಏರಿದರೆ ಅವನದು ಏರುವುದಿಲ್ಲ; ನಿಮ್ಮಿಬ್ಬರ ನಡುವಿನ ವ್ಯತ್ಯಾಸ ಮಾತ್ರ ಏರುತ್ತದೆ. 80ರ ಲಾರಿ 200 ಮೀಟರ್ ಮುಂದಿದೆ ಅಂದುಕೋ. ನೀನು 100ರಲ್ಲಿದ್ದರೆ ಅದರ ಹಿಂಬದಿ ತಲುಪಲು 36 ಸೆಕೆಂಡು ಹಿಡಿಯುತ್ತದೆ. 140ರಲ್ಲಿದ್ದರೆ 12 ಸೆಕೆಂಡು. ಅದೇ ಲಾರಿ ಲೋಡು ತುಂಬಿಕೊಂಡು ಏರಿನಲ್ಲಿ 40ಕ್ಕೆ ಇಳಿದಿದ್ದರೆ? ಏಳು ಸೆಕೆಂಡಿಗೆ ನೀನು ಅದರ ಬಂಪರಿನಲ್ಲಿರುತ್ತೀಯ. ಪಕ್ಕದ ಸೀಟಿನವರ ಜೊತೆ ಒಂದು ಮಾತಾಡಿ ಮುಗಿಸುವ ಹೊತ್ತು.

ಲಾರಿಯವರು ಬಲಗಡೆ ಲೇನು ಬಿಡುವುದಿಲ್ಲ ಎಂಬುದು ನಿನ್ನ ಖಾಯಂ ದೂರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕಾರಿನವರಿಗೆ ಲಾರಿಯ ಕ್ಯಾಬಿನ್ನಿನಿಂದ ರಸ್ತೆ ಹೇಗೆ ಕಾಣುತ್ತದೆಂಬುದು ಗೊತ್ತಿರುವುದಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಎಡಗಡೆ ಲೇನು ಹೆಸರಿಗೆ ಲೇನು. ಕೈ ಅಡ್ಡ ಹಿಡಿದವರನ್ನು ಹತ್ತಿಸಿಕೊಳ್ಳಲು ಬಸ್ಸು ಅಲ್ಲೇ ನಿಲ್ಲುತ್ತದೆ. ಪಂಕ್ಚರ್ ಆದ ಗಾಡಿ ಅಲ್ಲೇ, ಎಳನೀರಿನ ಗಾಡಿ ಅಲ್ಲೇ, ಎದುರುಗಡೆಯಿಂದ ರಾಂಗ್ ಸೈಡಿನಲ್ಲಿ ಬರುವ ಬೈಕು ಅಲ್ಲೇ. ಭಾರದ ಗಾಡಿಗಳೆಲ್ಲ ಓಡಿ ಡಾಂಬರು ಅಲೆಯೆದ್ದಿರುವುದೂ ಅಲ್ಲೇ. ಇಪ್ಪತ್ತೈದು ಟನ್ ಹೊತ್ತವನು ಮತ್ತೆ ಮತ್ತೆ ಬ್ರೇಕ್ ತುಳಿದು, ಗೇರ್ ಇಳಿಸಿ, ಮತ್ತೆ ವೇಗ ಕೂಡಿಸಲು ಡೀಸೆಲ್ ಸುಡಬೇಕು. ಬಲಗಡೆ ಹಿಡಿದರೆ ಒಂದೇ ಹದದಲ್ಲಿ ಹೋಗಬಹುದು. ಹಾಗಾಗಿ ಹಿಡಿಯುತ್ತಾನೆ. ತಪ್ಪೇ. ನಾನೂ ಹೊಸ ಹುಡುಗರಿಗೆ ಗದರಿ ಹೇಳಿದ್ದೇನೆ: ಬಲಗಡೆಯ ಲೇನು ಯಾರದೂ ಅಲ್ಲ, ದಾಟುವಾಗ ಹತ್ತಬೇಕು, ದಾಟಿದ ಮೇಲೆ ಇಳಿಯಬೇಕು. ಆದರೆ ಎಡಗಡೆಯನ್ನು ಖಾಲಿ ಮಾಡಿಸದೆ ಬಲಗಡೆ ಬಿಡು ಎಂದರೆ ಅವನು ಎಲ್ಲಿಗೆ ಹೋಗಬೇಕು? ಆ ಎಡಗಡೆ ಲೇನನ್ನು ಹಾಳು ಮಾಡಿದವರಲ್ಲಿ ಕಾರಿನವರೇನು ಕಡಿಮೆಯಿಲ್ಲ. ಫೋನ್ ಬಂತೆಂದು ಬ್ಲಿಂಕರ್ ಹಾಕಿ ಎಡಕ್ಕೆ ನಿಲ್ಲಿಸಿ ಮಾತಾಡುವವರು ಯಾರು ಮತ್ತೆ?

ಮುಂದಿನ ತಪ್ಪು ನಿನ್ನದೇ, ನಾನು ನಿನ್ನ ಪಕ್ಕ ಕೂತು ನೋಡಿದ್ದೇನೆ. ಲಾರಿ ಸೈಡ್ ಕೊಡಲಿಲ್ಲವೆಂದು ಎಡಗಡೆಯಿಂದ ತೂರುತ್ತೀಯ. ಲಾರಿಯ ಎಡಬದಿ ಅದರ ಡ್ರೈವರಿಗೆ ಕುರುಡು ಬದಿ. ಕ್ಲೀನರ್ ಇದ್ದ ಕಾಲದಲ್ಲಿ ಅವನು ಕಿಟಕಿಯಲ್ಲಿ ತಲೆ ಹಾಕಿ ‘ಹೋಗಲಿ, ಹೋಗಲಿ’ ಎಂದು ಬಾಗಿಲು ಬಡಿಯುತ್ತಿದ್ದ. ಈಗ ಬಹಳ ಲಾರಿಗಳಲ್ಲಿ ಕ್ಲೀನರೇ ಇಲ್ಲ, ಸಂಬಳ ಉಳಿಸುತ್ತಾರೆ. ನೀನು ಹಿಂದೆ ದೀಪ ಮಿನುಗಿಸಿದ್ದು ಕಂಡು ಅವನು ಎಡಕ್ಕೆ ಸರಿಯಲು ಸ್ಟೀರಿಂಗ್ ತಿರುಗಿಸುವ ಗಳಿಗೆಯೂ, ತಾಳ್ಮೆಗೆಟ್ಟು ನೀನು ಎಡಕ್ಕೆ ನುಗ್ಗುವ ಗಳಿಗೆಯೂ ಒಂದೇ ಆಗುತ್ತದೆ. ಯಾಕೆಂದರೆ ಇಬ್ಬರೂ ಒಂದೇ ಖಾಲಿ ಜಾಗ ನೋಡಿರುತ್ತೀರಿ. ಒಮ್ಮೆ ಡಿಪ್ ಮಾಡು, ಒಮ್ಮೆ ಹಾರ್ನ್ ಕೊಡು, ಮೂರು ಸೆಕೆಂಡು ದೂರ ಬಿಟ್ಟು ಕಾಯಿ. ರಸ್ತೆ ಬದಿಯ ಕಂಬವೊಂದನ್ನು ಮುಂದಿನ ಗಾಡಿ ದಾಟಿದಾಗ ಎಣಿಸಲು ಶುರುಮಾಡು. ಮೂರು ಎಣಿಸುವ ಮೊದಲೇ ನೀನೂ ಆ ಕಂಬದ ಬಳಿಯಿದ್ದರೆ ಹತ್ತಿರ ಬಂದೆ ಎಂದರ್ಥ. ಆ ಮೂರು ಸೆಕೆಂಡಿನ ಜಾಗಕ್ಕೆ ಇನ್ನೊಬ್ಬ ಬಂದು ನುಗ್ಗುತ್ತಾನೆ ಅನ್ನುತ್ತೀಯ. ನುಗ್ಗಲಿ. ಮತ್ತೆ ಹಿಂದೆ ಸರಿ. ನುಗ್ಗಿದವರಿಗೆಲ್ಲ ದಾರಿ ಬಿಟ್ಟರೂ ನೀನು ಮೈಸೂರು ಸೇರುವುದು ಒಂದೆರಡು ನಿಮಿಷ ತಡವಾದೀತು, ಅಷ್ಟೆ.

ತರಬೇತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕವೊಂದಿದೆ. ನೀನು ಎಂಜಿನಿಯರಿಂಗ್ ಓದಿದವನು, ತಾಳೆ ನೋಡಿಕೋ. ಏನೋ ಅಡ್ಡ ಬಂತು ಎಂದು ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ, ಪ್ರತಿ ಸೆಕೆಂಡಿಗೆ 7 ಮೀಟರ್‌ನಂತೆ ವೇಗ ಕುಗ್ಗುತ್ತದೆ ಎಂದಿಟ್ಟುಕೊಂಡರೆ, 100ರಲ್ಲಿ ಹೋಗುವ ಕಾರು 97 ಮೀಟರಿಗೆ ನಿಲ್ಲುತ್ತದೆ. 120ರಲ್ಲಿ ಹೋಗುವುದು ಸುಮಾರು 130 ಮೀಟರಿಗೆ. ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಿದ್ದರು, 33 ಮೀಟರ್ ತಾನೇ ಎಂದು. ಆಗ ಕೇಳುತ್ತಿದ್ದೆ: ಮೊದಲನೆಯ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ಹತ್ತು, ಇಪ್ಪತ್ತು ಎನ್ನುವರು. ಲೆಕ್ಕ ಹಾಕಿದರೆ 77 ಬರುತ್ತದೆ. ಒಂದು ಕಾರು ಹಸುವಿನ ಮುಂದೆ ನಿಂತಿರುತ್ತದೆ, ಇನ್ನೊಂದು ಅದಕ್ಕೆ 77ರಲ್ಲಿ ಗುದ್ದುತ್ತದೆ. ಎರಡರ ಮುಳ್ಳಿಗೂ ಇದ್ದ ಅಂತರ ಬರೀ 20. ಮಳೆ ಬಂದಿದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ.

ಇಷ್ಟಕ್ಕೂ ಉಳಿಯುವುದೆಷ್ಟು? ಬೆಂಗಳೂರಿನಿಂದ ಮೈಸೂರಿಗೆ ಹೆದ್ದಾರಿ 118 ಕಿಲೋಮೀಟರು. ಎಲ್ಲೂ ತಡೆಯಿಲ್ಲದೆ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 59. ಹನ್ನೆರಡು ನಿಮಿಷ. ಟೋಲಿನಲ್ಲಿ ನಿಂತು, ಭಾನುವಾರ ಸಂಜೆ ಕುಂಬಳಗೋಡಿನಿಂದ ಕೆಂಗೇರಿ ದಾಟಿ ನಾಯಂಡಹಳ್ಳಿ ಮುಟ್ಟುವಷ್ಟರಲ್ಲಿ ಆ ಹನ್ನೆರಡಕ್ಕೆ ಬಡ್ಡಿ ಸೇರಿಸಿ ಕಟ್ಟಿರುತ್ತೀಯ. ಮೊದಲು ಈ ದಾರಿಗೆ ಮೂರು ಗಂಟೆ ಹಿಡಿಯುತ್ತಿತ್ತು. ಅದನ್ನು ಅರ್ಧಕ್ಕಿಳಿಸಿದ್ದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಬೈಪಾಸು. ನಿನ್ನ ಬಲಗಾಲಿನ ಹೆಬ್ಬೆರಳಿಗೆ ಅದರಲ್ಲಿ ಪಾಲಿಲ್ಲ. (ಮದ್ದೂರು ವಡೆ ತಿನ್ನಲು ಈಗ ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯುವವರು ಕಡಿಮೆಯಾಗಿದ್ದಾರೆ. ಅದು ಬೇರೆ ದುಃಖ.)

‘ಜರ್ಮನಿಯಲ್ಲಿ ಮಿತಿಯೇ ಇಲ್ಲ’ ಎಂದು ನಿನ್ನ ಗೆಳೆಯ ಹೇಳಿದನಂತೆ. ಅಲ್ಲಿನ ಆಟೋಬಾನಿನ ಎಷ್ಟೋ ಭಾಗಗಳಲ್ಲಿ ಮಿತಿಯಿಲ್ಲ ನಿಜ, 130 ಮೀರದಿರುವುದು ಒಳ್ಳೆಯದೆಂಬ ಸಲಹೆಯಿದೆ. ಆದರೆ ಅಲ್ಲಿ ಕಾರಿನ ಲೈಸೆನ್ಸ್ ಬೇಕಾದರೆ ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ರಸ್ತೆಯಲ್ಲಿ ಐದು, ಆಟೋಬಾನಿನಲ್ಲಿ ನಾಲ್ಕು, ಕತ್ತಲಲ್ಲಿ ಮೂರು ಪಾಠ ಕಡ್ಡಾಯವಾಗಿ ಓಡಿಸಿರಬೇಕು. ದಾಟಬಾರದ ಬದಿಯಿಂದ ದಾಟಿದರೆ ದಂಡ. ಪೆಟ್ರೋಲ್ ಮುಗಿದು ನಿಂತರೂ ತಪ್ಪು ನಿನ್ನದೇ, ನೋಡಿಕೊಂಡು ಹೊರಡಬೇಕಿತ್ತು ಎನ್ನುತ್ತಾರೆ. ನೀನು ಲೈಸೆನ್ಸ್ ತಗೊಂಡದ್ದು ಆರ್‌ಟಿಓ ಮೈದಾನದಲ್ಲಿ ಎಂಟು ಬರೆದು, ರಿವರ್ಸ್ ಹಾಕಿ ತೋರಿಸಿ. ಹೆದ್ದಾರಿಯಲ್ಲಿ ಮೊದಲ ಸಲ 100 ಮುಟ್ಟಿದಾಗ ನಿನ್ನ ಪಕ್ಕದಲ್ಲಿ ಯಾರಿದ್ದರು? ಜರ್ಮನಿಯ ವೇಗ ಬೇಕೆನ್ನುವವರು ಜರ್ಮನಿಯ ಪರೀಕ್ಷೆ ಬೇಕೆಂದು ಕೇಳಿದ್ದನ್ನು ನಾನು ಕಂಡಿಲ್ಲ.

ಅಮೆರಿಕದವರು ಇದೇ ಏರಿಸುವ ಇಳಿಸುವ ಆಟವನ್ನು ದೊಡ್ಡ ಪ್ರಮಾಣದಲ್ಲೇ ಆಡಿ ನೋಡಿದ್ದಾರೆ. ತೈಲದ ಬಿಕ್ಕಟ್ಟು ಬಂದಾಗ, 1974ರಲ್ಲಿ, ದೇಶಕ್ಕೆಲ್ಲ ಗಂಟೆಗೆ 55 ಮೈಲಿ ಎಂದರು. ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರ್. ಪೆಟ್ರೋಲ್ ಉಳಿಸಲು ತಂದ ಕಾನೂನು ಜೀವವನ್ನೂ ಉಳಿಸಿತು. 1987ರಲ್ಲಿ ಹಳ್ಳಿಗಾಡಿನ ಹೆದ್ದಾರಿಗೆ 65 ಮೈಲಿಯಾಯಿತು. 1995ರಲ್ಲಿ ಕಾನೂನನ್ನೇ ತೆಗೆದು ರಾಜ್ಯಗಳಿಗೆ ಬಿಟ್ಟುಕೊಟ್ಟರು. ಒಂದೊಂದೇ ರಾಜ್ಯ ಏರಿಸುತ್ತ ಹೋಯಿತು. ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2019ರಲ್ಲಿ ಇಪ್ಪತ್ತೈದು ವರ್ಷಗಳ ಲೆಕ್ಕ ತೆಗೆದು, ಈ ಏರಿಕೆಗೆ ಸುಮಾರು 37,000 ಜೀವ ತೆತ್ತಂತಾಯಿತು ಎಂದಿತು. ಅದೂ ಹಸು ಅಡ್ಡ ಬರದ, ರಾಂಗ್ ಸೈಡ್ ಅಪರೂಪವಾದ, ಲೇನಿನ ಶಿಸ್ತು ರೂಢಿಯಾದ ದೇಶದಲ್ಲಿ.

ಕಾರಿನೊಳಗಿನ ಸಂಗತಿ ಒಂದೆರಡು. 80 ದಾಟಿದಾಗ ನಿನ್ನ ಕಾರು ಟಿಂಗ್ ಎನ್ನುತ್ತದೆ, 120 ದಾಟಿದರೆ ಬಿಡದೆ ಬಡಿದುಕೊಳ್ಳುತ್ತದೆ. 2019ರ ಜುಲೈನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಮಾಡಿದ ವ್ಯವಸ್ಥೆ ಅದು. ಕಿರಿಕಿರಿ ಎಂದು ವೈರು ಕೀಳಿಸಿಕೊಳ್ಳುವವರ ಸಹವಾಸ ಮಾಡಬೇಡ. ಸೀಟ್‌ಬೆಲ್ಟಿನ ಕೂಗು ಅಡಗಿಸಲು ಬೆಲ್ಟಿನ ಬದಲು ಸಿಕ್ಕಿಸುವ ಕ್ಲಿಪ್ಪು ಮಾರುತ್ತಾರಲ್ಲ, ಅದನ್ನು ಕೊಳ್ಳುವವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಹಣ ಕೊಟ್ಟು ತಂದುಕೊಳ್ಳುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಟಾಟಾ ಸಮೂಹದ ಹಿಂದಿನ ಅಧ್ಯಕ್ಷ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿಯ ಸೇತುವೆಯ ಮೇಲೆ ತೀರಿಕೊಂಡಾಗ ಕಾರು ದೊಡ್ಡ ಕಂಪನಿಯದೇ, ಏರ್‌ಬ್ಯಾಗೂ ಇದ್ದವು. ಮುಂದೆ ಬೆಲ್ಟ್ ಹಾಕಿಕೊಂಡಿದ್ದ ಇಬ್ಬರು ಬದುಕಿದರು, ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ನಿನ್ನ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗ, ಸೀರೆ ಸುಕ್ಕಾಗುತ್ತದೆಂದು ಅವಳು ಗೊಣಗಿದರೂ ಬಿಡಬೇಡ.

ರಾತ್ರಿ ಪಯಣ ಆದಷ್ಟು ಬೇಡ. ಹೋಗಲೇಬೇಕಾದರೆ ನಿನ್ನ ಹೆಡ್‌ಲೈಟ್ ಎಷ್ಟು ದೂರ ಬೆಳಗುತ್ತದೋ ಅಷ್ಟರೊಳಗೆ ನಿಲ್ಲಬಲ್ಲ ವೇಗದಲ್ಲಿ ಹೋಗು. ಡಿಪ್ ಬೀಮಿನ ಬೆಳಕು 97 ಮೀಟರ್ ಚೆನ್ನಾಗಿ ತೋರಿಸುವುದಿಲ್ಲ, ಅಂದಮೇಲೆ ಬೋರ್ಡಿನ ಮೇಲೆ 100 ಇದ್ದರೂ ಕತ್ತಲಲ್ಲಿ ಅದು ನಿನ್ನ ಸಂಖ್ಯೆಯಲ್ಲ. ಹಿರಿಯೂರು, ಚಿತ್ರದುರ್ಗದ ಕಡೆ ಹೋದರೆ ಟೈರ್ ಒಡೆದು ನಿಂತ ಲಾರಿಗಳು ಸಿಗುತ್ತವೆ. ಹಿಂದೆ ಎರಡು ಕಲ್ಲು, ಒಂದು ಹಸಿ ಕೊಂಬೆ, ಅದೇ ಸಿಗ್ನಲ್ಲು. ಹಿಂದಿನ ರಿಫ್ಲೆಕ್ಟರ್ ಮೇಲೆ ಕೆಸರು ಮೆತ್ತಿರುತ್ತದೆ. ನಿಂತ ಲಾರಿಯ ಅಡಿಗೆ ನುಗ್ಗಿದ ಕಾರಿನಲ್ಲಿ ಏರ್‌ಬ್ಯಾಗ್ ಏನೂ ಮಾಡಲಾರದು, ಪೆಟ್ಟು ಬೀಳುವುದು ಗಾಜಿನ ಮಟ್ಟದಲ್ಲಿ.

ಕ್ಯಾಮೆರಾ ಕಂಡಲ್ಲಿ ಗಬಕ್ಕನೆ ಬ್ರೇಕ್ ತುಳಿದು, ದಾಟಿದ ಮೇಲೆ ಮತ್ತೆ ಹಾರುವ ಚಾಳಿ ಈಗ ಹೊಸದಾಗಿ ಬಂದಿದೆ. ಫೋನೇ ಮುಂಚಿತವಾಗಿ ಎಚ್ಚರಿಸುತ್ತದಂತೆ. ಕ್ಯಾಮೆರಾವನ್ನು ಗೆದ್ದೆ ಎಂದು ನೀನು ನಗುವಾಗ ಹಿಂದಿನವನು ನಿನ್ನ ಬ್ರೇಕಿಗೆ ಸಿದ್ಧನಿರುವುದಿಲ್ಲ. 130 ದಾಟಿದರೆ ದಂಡವಷ್ಟೇ ಸಾಲದು, ಎಫ್‌ಐಆರ್ ಹಾಕುತ್ತೇವೆ ಎಂದು ನಮ್ಮ ರಾಜ್ಯದ ಪೊಲೀಸರು 2024ರ ಆಗಸ್ಟ್‌ನಿಂದ ಶುರುಮಾಡಿದ್ದಾರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ವಯಸ್ಸು ನಿನ್ನದು, ಅಷ್ಟಾದರೂ ನೆನಪಿರಲಿ.

ಇನ್ನು ಬೇಲಿಯ ಆಚೆಗಿನವರು. ಈ ರಸ್ತೆ ಯಾರ ಹೊಲ ಸೀಳಿ ಹೋಗಿದೆಯೋ ಅವರ ದನದ ಕೊಟ್ಟಿಗೆ ಒಂದು ಕಡೆ, ಹುಲ್ಲು ಇನ್ನೊಂದು ಕಡೆ. ದಾಟಲು ಅಂಡರ್‌ಪಾಸ್ ಬೇಕೆಂದರೆ ದೂರ ಸುತ್ತಬೇಕು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತಿರುತ್ತದೆ. ಉದ್ಘಾಟನೆಯಾದ ವಾರದೊಳಗೇ ರಾಮನಗರದ ಬಳಿ ನೀರು ನಿಂತು ಗಾಡಿಗಳು ಕೆಟ್ಟದ್ದು ನೀನೂ ಓದಿರಬೇಕು. ಹಾಗಾಗಿ ಬೇಲಿ ಕತ್ತರಿಸುತ್ತಾರೆ, ಹಾರುತ್ತಾರೆ, ಜೀವ ಕೈಯಲ್ಲಿ ಹಿಡಿದು ಓಡುತ್ತಾರೆ. ಅವರಿಗೆ ಬುದ್ಧಿಯಿಲ್ಲ ಎಂದು ನೀನೊಮ್ಮೆ ಅಂದೆ. ನಮ್ಮೂರಿನ ಮಧ್ಯೆ ಇಂಥದೊಂದು ರಸ್ತೆ ಬಂದಿದ್ದರೆ ನಿನ್ನ ಅಜ್ಜಿಯೂ ಬೇಲಿ ದಾಟುತ್ತಿದ್ದಳು. ಮಿತಿ ಏರಿಸಿ ಎಂದು ಅರ್ಜಿಗೆ ಸಹಿ ಹಾಕುವ ಮೊದಲು, ಹಳ್ಳಿಗೊಂದು ಮೇಲ್ಸೇತುವೆ ಕಟ್ಟಿ ಎಂಬ ಅರ್ಜಿಗೆ ಸಹಿ ಹಾಕು. ಅದಾದ ದಿನ, ಎಡಗಡೆ ಲೇನು ಖಾಲಿಯಾದ ದಿನ, 120ರ ಅರ್ಜಿ ತಗೊಂಡು ಬಾ. ನಾನೂ ಸಹಿ ಹಾಕುತ್ತೇನೆ.

ಮನೆಯವರದ್ದೂ ಒಂದು ಪಾಲಿದೆ. ನೀನು ಹೊರಟ ಗಳಿಗೆಯಿಂದ ‘ಎಲ್ಲಿದ್ದೀಯ, ಎಷ್ಟೊತ್ತಾಗುತ್ತೆ’ ಎಂದು ಫೋನ್ ಮೇಲೆ ಫೋನ್. ನಾನು ನಿನ್ನ ಅಮ್ಮನಿಗೆ ಹೇಳಿದ್ದೇನೆ, ಹೊರಡುವಾಗ ಒಂದು ಮೆಸೇಜು, ತಲುಪಿದ ಮೇಲೆ ಒಂದು, ನಡುವೆ ಕರೆ ಮಾಡಬೇಡ ಎಂದು. ಒಪ್ಪಿದ್ದಾಳೆ. ನೀನೂ ಇಂತಿಷ್ಟು ಗಂಟೆಗೆ ಬರುತ್ತೇನೆಂದು ಮಾತು ಕೊಡುವುದನ್ನು ಬಿಡು, ಸಂಜೆಯೊಳಗೆ ಬರುತ್ತೇನೆ ಅನ್ನು.

ಕೊನೆಯದಾಗಿ ಟೈರು. ಅದರ ಪಕ್ಕದ ಮೈಮೇಲೆ ನಾಲ್ಕು ಅಂಕಿ ಅಚ್ಚೊತ್ತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ ಇಪ್ಪತ್ಮೂರನೆಯ ವಾರ ತಯಾರಾದದ್ದು. ಗೀರು ಎಷ್ಟೇ ಆಳವಿದ್ದರೂ ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಕಡಿಮೆ ಗಾಳಿಯಲ್ಲಿ ಗಂಟೆಗಟ್ಟಲೆ 100ರಲ್ಲಿ ಓಡಿಸಿದರೆ ಕಾದು ಸಿಡಿಯುತ್ತದೆ. ಹೊರಡುವ ಮುನ್ನ ಗಾಡಿ ತಣ್ಣಗಿರುವಾಗಲೇ ಗಾಳಿ ನೋಡಿಸು. ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಿದೆ. ಬರುವ ಭಾನುವಾರ ಬಂದಾಗ ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಹೊರಗೆ ತೆಗೆ, ನೋಡೋಣ. ಕಾರು ಕೊಂಡಾಗಿನಿಂದ ಅದಕ್ಕೆ ಯಾರೂ ಗಾಳಿ ಹಿಡಿದಿರಲಾರರು.